ರೋತುವಾ ಅಮ್ಮನಿಗೆ ಡೋಲು

ಸಮೋಸಿರ್ ದ್ವೀಪ

ಪೂಜ್ಯ ಮನಾಹನ್ ಮಾವನವರಿಗೆ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರಬಹುದು, ಕ್ಷಮಿಸಿ. ನೇಯುವವಳು ನಾನು, ಪ್ರೈಮರಿ ಶಾಲೆಯಷ್ಟೇ ಓದಿದ್ದೇನೆ.

ನಿಮ್ಮ ತಂಗಿಯ ಮಗಳು ರೋತುವಾ ಅಮ್ಮ ನಿನ್ನೆ ತೀರಿಕೊಂಡರು. ದೇವರ ಬಗ್ಗೆ ಅವರು ಬರೆದ ದಪ್ಪ ಪುಸ್ತಕಗಳನ್ನು ನಾನು ಓದಿಲ್ಲ. ಆದರೆ ನಮ್ಮ ಮಗ್ಗಗಳ ನಡುವೆ ಕೂತು ಅದನ್ನೇ ಹೇಳುತ್ತಿದ್ದರು. “ನೂಲು ಕಡಿದ್ರೆ ಬಟ್ಟೆ ಬಿಸಾಕ್ತೀಯೇನೇ? ಗಂಟು ಹಾಕ್ತೀಯ. ದೇವರೂ ಅಷ್ಟೇ ಕಣೇ.”

ಮಕ್ಕಳಿಲ್ಲದವರ ಸಾವಿಗೆ ಡೋಲು ಬಾರಿಸುವಂತಿಲ್ಲ ಎನ್ನುತ್ತಾರೆ ಹಿರಿಯರು. “ಅವಳ ಸೋದರಮಾವ ಹೂಂ ಅಂದ್ರೆ ನೋಡೋಣ” ಎಂದಿದ್ದಾರೆ. ಪದ್ಧತಿಯಂತೆ ಅವರಿಗೆ ಕೊನೆಯ ಬಟ್ಟೆ ಹೊದಿಸಬೇಕಾದವರೂ ನೀವೇ. ಈ ಪತ್ರ ತಂದ ದೋಣಿಯಲ್ಲೇ ಬನ್ನಿ. ಮಕ್ಕಳು ನಿಲ್ಲುವ ಜಾಗದಲ್ಲಿ ನೇಯುವ ಹೆಂಗಸರು ನಾವು ನಿಲ್ಲುತ್ತೇವೆ, ಒಪ್ಪಿಗೆ ಕೊಡಿ.

ತೀರಿಕೊಂಡ ತಾಯಿಯ ತಲೆ ಬಾಚುವುದು ಮಗಳ ಕೆಲಸವಂತೆ. ಇವತ್ತು ಬೆಳಿಗ್ಗೆ ಯಾರನ್ನೂ ಕೇಳದೆ ನಾನೇ ಬಾಚಿದೆ.

ನಿಮ್ಮ ದಾರಿ ಕಾಯುತ್ತಿರುವ,
ತಿಯೋಮಿನಾರ್