ಡುಪ್ಲಿಕೇಟ್ ಬ್ಯಾಡ

ಮಾರ್ಚ್ 30, ಸಂಜೆ

ಕೇಬಲ್ ಸುತ್ತಿಟ್ಟೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಯೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಬೆರಳಲ್ಲಿ ಇನ್ನೂ ಟೇಪಿನ ಅಂಟು... ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟು ಮದುವೆ ಪರದೆಯ ಮೇಲೆ ಲೈವ್ ತೋರಿಸಿಲ್ಲ ನಾನು! ಇವತ್ತು ಸ್ವಂತ ತಂಗಿ ಜಯಶ್ರೀಯ ನಿಶ್ಚಯದಲ್ಲಿ ಮಾನ ಹೋಯಿತು.

ಶಿಗ್ಗಾವಿಯ ಈ ಮಂಟಪದಲ್ಲಿ ವೇದಿಕೆ ಮಹಡಿಯ ಮೇಲೆ, ಊಟ ಕೆಳಗೆ. ಮದುವೆಯೂ ಇಲ್ಲೇ. ವೇದಿಕೆ ಪಕ್ಕ ಎಲ್‌ಇಡಿ ವಾಲ್, ಗೋಡೆಯಷ್ಟು ದೊಡ್ಡ ಪರದೆ, ಹೆಚ್ಚುಕಡಿಮೆ ಚೌಕ. ಊಟದ ಹಾಲಿನಲ್ಲಿ ಅಗಲವಾದ ಟಿವಿ. ಎರಡಕ್ಕೂ ನನ್ನ ಲ್ಯಾಪ್‌ಟಾಪಿನಿಂದಲೇ ಚಿತ್ರ. ವಾಲ್ ಮೇಲೆ ಚೆಂದ ಬಂತು. ಟಿವಿ ಅದನ್ನೇ ಹಿಗ್ಗಿಸಿ ಮೇಲೆ-ಕೆಳಗೆ ಕತ್ತರಿಸಿತು. ಜಯಶ್ರೀಗೆ ತಲೆಯೇ ಇಲ್ಲ!

ಕೆಳಗೆ ಕೂತಿದ್ದವಳು ಕರೆವ್ವ ಆಯಿ, ಅಪ್ಪನ ಅವ್ವ. ಮೊಣಕಾಲು ಸೋತು ಮೆಟ್ಟಿಲು ಹತ್ತಲಾರಳು. ನಾನು ಕೆಳಗಿಳಿದದ್ದೇ ತಡ, ಟಿವಿ ತೋರಿಸಿ ಕೇಳಿದಳು.

"ತಲೀನ ಇಲ್ಲಲ್ಲಬೇ ಹೇಮಾ! ಮದುವಿ ದಿನಾ ಅಕ್ಕಿಕಾಳು ಎಲ್ಲಿ ಹಾಕ್ಲಿ, ಇಕಿ ಹೊಟ್ಟಿ ಮ್ಯಾಲ?"

ಎಲ್ಲರೂ ನಕ್ಕರು. ಆಯಿ ನಗಲಿಲ್ಲ.

ಏಪ್ರಿಲ್ 1

ಮದುವೆ ದಿನ ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತೊಯ್ಯೋಣ ಅಂದ ಅಪ್ಪ. ಆಯಿ ಉರಿದುಬಿದ್ದಳು. "ನಾಕು ಮಂದಿ ನನ್ನ ಹೊರೂದು ಒಂದ ಸಲ. ಅದಿನ್ನೂ ಬಂದಿಲ್ಲ!"

ಅವ್ವ ಹೊಲಕ್ಕೆ ಹೋದರೆ ನಮ್ಮಿಬ್ಬರನ್ನೂ ಸಾಕಿದವಳು ಆಯಿ. ಜಯಶ್ರೀ ತಲೆಯ ಮೇಲೆ, ಟಿವಿಯಲ್ಲಾದರೂ ಸರಿ, ತನ್ನ ಕೈಯ ಕಾಳು ಬೀಳದೆ ಆಕೆ ಉಣ್ಣುವುದಿಲ್ಲ. ಗೊತ್ತು ನನಗೆ.

ಗುತ್ತೆಪ್ಪ ದೊಡ್ಡಪ್ಪನದು ಬೇರೆ ರಾಗ. "ಹುಬ್ಬಳ್ಳಿಂದ ಯಾರನರ ಕರಸೂಣು."

ಮೈ ಉರಿಯಿತು. "ಒಂದ ಸಲ ಟೆಸ್ಟ್ ಮಾಡ್ತೇನಿ ದೊಡ್ಡಪ್ಪ. ಆಗಲಿಲ್ಲಂದ್ರ ಕರಸ್ರಿ."

ಏಪ್ರಿಲ್ 8, ಮಧ್ಯಾಹ್ನ, ಮಂಟಪ

ಬರೆಯದೆ ಇರಲಾರೆ. ಅಷ್ಟು ಖುಷಿ!

ಟಿವಿಯನ್ನೂ ಮೇಲೆ ತರಿಸಿ ವಾಲ್ ಪಕ್ಕ ಇಟ್ಟಿದ್ದೆ. ಮದುಮಗಳ ಜಾಗದಲ್ಲಿ ನಮ್ಮ ಕ್ಯಾಮೆರಾದ ದುರ್ಗೇಶ ನಿಂತ. ವಾಲ್‌ಗೆ ಹೊಂದಿಸಿದರೆ ಟಿವಿಯಲ್ಲಿ ತಲೆ ಮಾಯ. ಟಿವಿಗೆ ಹೊಂದಿಸಿದರೆ ವಾಲ್‌ನಲ್ಲಿ ದುರ್ಗೇಶ ಹಿಂಡಿದ ಬಟ್ಟೆ. ರೆಸೊಲ್ಯೂಶನ್ ಏರಿಸಿದೆ, ಇಳಿಸಿದೆ. ಅಳು ಬರುವುದೊಂದೇ ಬಾಕಿ.

ಬೆನ್ನ ಹಿಂದೆ ದೊಡ್ಡಪ್ಪ ಚಾಳೀಸು ಏರಿಸಿಕೊಂಡು ಸ್ಕ್ರೀನ್ ಓದಿದ.

"ಡು-ಪ್ಲಿ-ಕೇಟ್! ಯಾಕಬೇ, ಡುಪ್ಲಿಕೇಟ್ ಹಾಕೀ? ನಮ್ಮ ಹುಡುಗಿ ಮದುವ್ಯಾಗ ಡುಪ್ಲಿಕೇಟ್ ಏನೂ ಬ್ಯಾಡ. ಒರಿಜಿನಲ್ ಹಾಕು!"

ದುರ್ಗೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಸಿಟ್ಟು. "ಅದು ಹಂಗಲ್ರಿ. ಡುಪ್ಲಿಕೇಟ್ ಅಂದ್ರ ಒಂದ ಚಿತ್ರ, ಒಂದ ಅಳತಿ, ಎರಡೂ ಕಡೆ..."

ಅನ್ನುತ್ತಿದ್ದಂತೆ ನನಗೇ ಹೊಳೆಯಿತು. ಒಂದೇ ಅಳತೆ. ಅದೇ ರೋಗ! ಅವ್ವನಿಗೂ ಮಗಳಿಗೂ ಒಂದೇ ಅಳತೆಯ ಜಂಪರ್ ಹೊಲಿಸಿದರೆ ಇನ್ನೇನಾಗುತ್ತದೆ?

ಡುಪ್ಲಿಕೇಟ್ ತೆಗೆದೆ. ಪರದೆಗಳನ್ನು ಬೇರೆಬೇರೆ ಮಾಡುವ ಎಕ್ಸ್‌ಟೆಂಡ್ ಒತ್ತಿದೆ. ಈಗ ಪ್ರತಿ ಪರದೆಗೂ ಅದರದೇ ರೆಸೊಲ್ಯೂಶನ್. ಆದರೆ ಟಿವಿಯಲ್ಲಿ ಬರೀ ಲ್ಯಾಪ್‌ಟಾಪಿನ ವಾಲ್‌ಪೇಪರ್.

"ಹುಡುಗಿ ಎಲ್ಲಿ? ಗುಡ್ಡ ಅಷ್ಟ ಐತಿ!" ಅಂದ ದೊಡ್ಡಪ್ಪ.

"ತಡೀರಿ ದೊಡ್ಡಪ್ಪ." ಕ್ಯಾಮೆರಾದ ಚಿತ್ರವನ್ನು ಎರಡು ಕಿಟಕಿಯಲ್ಲಿ ತೆರೆದೆ. ಒಂದನ್ನು ಎಳೆದು ವಾಲ್‌ಗೆ, ಒಂದನ್ನು ಟಿವಿಗೆ. ಅವರವರ ಅಳತೆಗೆ ಕೂರಿಸಿದೆ.

ದುರ್ಗೇಶನ ಬೋಳುತಲೆ! ಎರಡೂ ಕಡೆ, ಪೂರ್ತಿ, ಮಿರಮಿರ! ಕೂಗಿಬಿಟ್ಟೆ. ಕೆಳಗಿನಿಂದ ಅಡುಗೆಯವರು ಓಡಿ ಬಂದರು.

ದೊಡ್ಡಪ್ಪ ಅವರ ಮುಂದೆ ಮೀಸೆ ತಿರುವಿದ. "ನಾ ಮೊದಲ ಹೇಳಿದ್ನಿ. ಡುಪ್ಲಿಕೇಟ್ ತಗದ ಕೂಡ್ಲೆ ಬಂತ ನೋಡ್ರಿ."

ಹೇಳಿಕೊಳ್ಳಲಿ. ಹುಬ್ಬಳ್ಳಿಯ ಮಾತು ಎತ್ತಲಿಲ್ಲವಲ್ಲ.

ಏಪ್ರಿಲ್ 12

ಅರಿಷಿಣದ ಗಡಿಬಿಡಿ. ಬರೆಯಲು ಪುರಸೊತ್ತಿಲ್ಲ. ಟಿವಿ ಕೆಳಗೆ ಹೋಯಿತು, ಉದ್ದ ಕೇಬಲ್ ಎಳೆದೆ. ನಮ್ಮೂರು ದುಂಡಸಿಯಿಂದ ಆಯಿ ಮಂಟಪಕ್ಕೆ ಬಂದಳು. ಬಂದವಳೇ ಕೇಳಿದ್ದು, "ತಲಿ ಬಂತೇನಬೇ?"

ಏಪ್ರಿಲ್ 13, ಮಧ್ಯಾಹ್ನ

ಆಯಿತು! ಎಲ್ಲ ಆಯಿತು!

ಮುಹೂರ್ತಕ್ಕೆ ನಾನು ಮೇಲೆ, ಲ್ಯಾಪ್‌ಟಾಪ್ ಮುಂದೆ. ಜಯಶ್ರೀ ಹಣೆಯ ಬಾಸಿಂಗದ ತುದಿ ಕೂಡ ಎರಡೂ ಪರದೆಯಲ್ಲಿ ಕಾಣುತ್ತಿತ್ತು. ಗಟ್ಟಿಮೇಳ. ಕಾಳು ಮಳೆಯಂತೆ ಬಿತ್ತು. ಆದರೆ ಕೆಳಗೆ? ತಾಳಿ ಕಟ್ಟಿದ್ದೇ ತಡ, ಲ್ಯಾಪ್‌ಟಾಪ್ ದುರ್ಗೇಶನಿಗೆ ಒಪ್ಪಿಸಿ ಮೆಟ್ಟಿಲು ಹಾರಿಕೊಂಡು ಇಳಿದೆ.

ಟಿವಿಯ ಮುಂದೆ ನೆಲವೆಲ್ಲ ಹಳದಿ ಕಾಳು. ಆಯಿ ಕುರ್ಚಿ ಹಿಡಿದು ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರು.

"ಬರೋಬ್ಬರಿ ತಲಿ ಮ್ಯಾಲ ಹಾಕೀನಿ ನೋಡಬೇ!"

ಅತ್ತುಬಿಟ್ಟೆ. ಇಷ್ಟು ಖುಷಿ ನನಗೆ ಯಾವ ಮದುವೆಯಲ್ಲೂ ಆಗಿಲ್ಲ.

ಈಗ ಲ್ಯಾಪ್‌ಟಾಪ್ ಕೆಳಗೆ ತಂದು ಊಟದ ಹಾಲಿನ ಮೂಲೆಯಲ್ಲಿ ಕೂತು ಟೈಪ್ ಮಾಡುತ್ತಿದ್ದೆ. ಆಯಿ ಗೋಡೆ ಹಿಡಿದು ಇಲ್ಲಿಗೇ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಕಾಳು ಉಳಿಸಿಕೊಂಡಿದ್ದಾಳೆ!

"ಇವು ನಿನಗ. ನನ್ನ ಮಮ್ಮಗಳ ತಲಿ ತಂದಾಕಿಗೆ."

ನನ್ನ ನೆತ್ತಿಯ ಮೇಲೆ ಸುರಿದಳು. ಅರ್ಧ ಕೀಬೋರ್ಡಿಗೆ ಬಿತ್ತು. ಎಂಟರ್ ಕೆಳಗೆ ಒಂದು ಕಾಳು ಸಿಕ್ಕಿಕೊಂಡಿದೆ, ಒತ್ತಿದರೆ ಕರಕ್ ಅನ್ನುತ್ತದೆ, ಸಾಲು ಮುಂದೆ ಹೋಗುತ್ತಿಲ್ಲ. ಇರಲಿ, ತೆಗೆಯುವುದಿಲ್ಲ. ಆಯಿ ಊಟಕ್ಕೆ ಕೈ ಹಿಡಿದು ಎಳೆಯುತ್ತಿದ್ದಾಳೆ — ತಡೀಬೇ ಆಯಿ, ಇನ್ನೊಂದ