ಇಪ್ಪತ್ತು ಗೆರೆ ಮುಚ್ಚಿದ ಗಿಟಾರು

ಹೊಳಲ್ಕೆರೆ
18-9-2025, ಗುರುವಾರ

ಪ್ರೀತಿಯ ತಮ್ಮ ದುರ್ಗೇಶ,

ಹೇಗಿದ್ದೀಯ? ಕೈ ನಡುಗುವುದು ನಿಂತಿತಾ? ಊಟ ಸೇರುತ್ತಿದೆಯಾ? ಅಲ್ಲಿ ಬೆಳಿಗ್ಗೆ ಐದೂವರೆಗೇ ಎಬ್ಬಿಸಿ ಯೋಗ ಮಾಡಿಸುತ್ತಾರಂತೆ. ಮನೆಯಲ್ಲಿ ಒಂಬತ್ತಕ್ಕೆ ಎಬ್ಬಿಸಿದರೂ ಮುಸುಕು ಎಳೆದುಕೊಳ್ಳುತ್ತಿದ್ದ ನೀನು ಸೂರ್ಯನಮಸ್ಕಾರ ಹಾಕುವುದನ್ನು ನೆನೆಸಿಕೊಂಡು ನಾನೂ ಅವ್ವನೂ ಒಂದು ದಿನ ಪೂರ್ತಿ ನಕ್ಕಿದ್ದೇವೆ. ತೊಂಬತ್ತು ದಿನ ಫೋನು ಕೊಡುವುದಿಲ್ಲ, ಕಾಗದ ಬೇಕಾದರೆ ಬರೆಯಬಹುದು ಎಂದು ವ್ಯಸನಮುಕ್ತಿ ಕೇಂದ್ರದವರು ಹೇಳಿದಾಗ ಅವ್ವ ಅತ್ತಳು. ನನಗೇನೋ ಒಳಗೊಳಗೇ ಇದೂ ಒಳ್ಳೆಯದೇ ಅನ್ನಿಸಿತು. ಫೋನಿನಲ್ಲಿ ನೀನು ಪೂರ್ತಿ ಮಾತು ಕೇಳಿಸಿಕೊಂಡದ್ದು ಯಾವತ್ತು? ಈ ಪತ್ರವನ್ನು ನಿನಗಿಂತ ಮೊದಲು ಅಲ್ಲಿನ ಕೌನ್ಸೆಲರ್ ಮೇಡಂ ಓದುತ್ತಾರೆ ಎಂದು ಗೊತ್ತು. ಮೇಡಂ, ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ಬೇಸರ ಮಾಡ್ಕೋಬೇಡಿ. ಇದರಲ್ಲಿ ಕುಡಿತದ ಮಾತಿಗಿಂತ ಮರ, ಅಂಟು, ತಂತಿಯ ಮಾತೇ ಜಾಸ್ತಿ.

ನಿನ್ನ ಕಾಗದ ಬಂತು. ಒಂದೂವರೆ ಪುಟದಲ್ಲಿ ಒಂದು ಪುಟ ಬರೀ ಕ್ಷಮೆ. ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಕೊನೆಯ ಒಂದು ಸಾಲನ್ನು ಮಾತ್ರ ನುಂಗಿಕೊಂಡೆ. ‘ಇನ್ನು ಮೇಲೆ ಗಿಟಾರಿನ ಸಹವಾಸ ಬೇಡ ಅಕ್ಕ, ಬಂದ ಮೇಲೆ ನಿನ್ನ ಜೊತೆ ಮೋಟಾರು ಬಿಚ್ಕೊಂಡು ಇರ್ತೀನಿ’ ಅಂತ ಬರೆದಿದ್ದೀಯಲ್ಲ, ಅದು. ಮೋಟಾರು ಬಿಚ್ಚಲು ನನಗೆ ಯಾರೂ ಬೇಡ. ಅಪ್ಪ ಹೋದ ಮೇಲೆ ಹದಿನಾಲ್ಕು ವರ್ಷದಿಂದ ಈ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಹೊಸದುರ್ಗದಿಂದಲೂ ಧರ್ಮಪುರದಿಂದಲೂ ನನ್ನ ಹೆಸರು ಹೇಳಿಕೊಂಡೇ ಬರುತ್ತವೆ. ನೀನು ಬಿಚ್ಚಿದ ಮೋಟಾರನ್ನು ವಾಪಸ್ ಜೋಡಿಸಿದರೆ ಯಾವಾಗಲೂ ಎರಡು ನಟ್ಟು ಉಳಿಯುತ್ತವೆ. ನೀನು ಇರುವುದು ಬೇಸ್ ಗಿಟಾರ್ ನುಡಿಸುವುದಕ್ಕೆ. ಇದನ್ನು ಬಾಯಲ್ಲಿ ಹೇಳಿದರೆ ನೀನು ಒಪ್ಪುವವನಲ್ಲ. ಅದಕ್ಕೇ ಮರದಲ್ಲಿ ಮಾಡಿಟ್ಟಿದ್ದೇನೆ. ಹೌದು ಕಣೋ, ಬೇಸ್ ಗಿಟಾರ್ ಮಾಡಿದ್ದೇನೆ. ನಾನೇ! ನಾಲ್ಕು ತಂತಿಯದು. ನುಡಿಯುತ್ತೆ!

ಮೊದಲಿಂದ ಹೇಳುತ್ತೇನೆ. ನೀನು ಹಳೆಯ ಗಿಟಾರನ್ನು ಚಿತ್ರದುರ್ಗದ ಅಂಗಡಿಗೆ ಮಾರಿ ಬಂದು, ‘ಸ್ನೇಹಿತನ ಮನೇಲಿ ಐತೆ’ ಅಂದ ದಿನವೇ ನನಗೆ ಗೊತ್ತಾಗಿತ್ತು. ಅವತ್ತೇ ನಮ್ಮ ಅಂಗಡಿಯ ಬೀಗದ ಕೈಯನ್ನು ಮನೆಯ ಬಾಗಿಲ ಹಿಂದಿನ ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀನು ಅದನ್ನು ನೋಡಿದೆ. ಆಮೇಲೆ ಗಿಟಾರು ಬಿಡಿಸಿಕೊಂಡು ಬರೋಣ ಎಂದು ನಾನು ಆ ಅಂಗಡಿಗೆ ಹೋಗುವಷ್ಟರಲ್ಲಿ ಅದು ಯಾರಿಗೋ ಹೋಗಿಬಿಟ್ಟಿತ್ತು. ನಿನ್ನನ್ನು ಹಿರಿಯೂರಿನ ಆ ಕೇಂದ್ರಕ್ಕೆ ಬಿಟ್ಟು ಬಂದ ಮಾರನೆಯ ದಿನ ಅಂಗಡಿ ಗುಡಿಸುತ್ತಿದ್ದೆ. ಹನ್ನೊಂದು ವರ್ಷ ನಿನ್ನ ಗಿಟಾರು ಒರಗಿ ನಿಂತಿದ್ದ ಗೋಡೆ ಇದೆಯಲ್ಲ, ವಾರ್ನಿಷ್ ಹೊಗೆಗೆ ಆ ಗೋಡೆಯೆಲ್ಲ ಕಂದಾಗಿದೆ, ಗಿಟಾರಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ಕುತ್ತಿಗೆ, ಹೊಟ್ಟೆ, ಆ ಎರಡು ಕೊಂಬು, ಎಲ್ಲ ಹಾಗೇ. ಪೊರಕೆ ಅಲ್ಲೇ ಬಿಟ್ಟೆ. ಆಮೇಲೆ ಹಳೆಯ ಪೇಪರ್ ಅಂಟಿಸಿ, ಪೆನ್ಸಿಲ್ ತೆಗೆದುಕೊಂಡು ಆ ಗುರುತಿನ ಸುತ್ತ ಗೆರೆ ಎಳೆದೆ. ನಕ್ಷೆ ಸಿಕ್ಕಿತು.

ಪೇಪರನ್ನು ಸುರುಳಿ ಸುತ್ತಿಕೊಂಡು ಹೋಗಿದ್ದು ನಮ್ಮ ಹಿಂದಿನ ಬೀದಿಯ ಬಡಗಿ ಗೌಸ್ ಪೀರ್ ಚಾಚಾ ಹತ್ತಿರ. ಬಾಗಿಲು ಕಿಟಕಿ ಬಿಟ್ಟು ಬೇರೇನೂ ಮಾಡಿದವರಲ್ಲ. ಪೇಪರನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದಕ್ಕೆ ಚೌಕಟ್ಟು ಎಲ್ಲಿ ಬರ್ತೈತೆ?’ ಅಂದರು. ಕೊನೆಗೆ ಹೊಸದುರ್ಗದಲ್ಲಿ ಯಾರೋ ಹಳೆಮನೆ ಕೆಡವಿದಾಗ ತಂದಿಟ್ಟುಕೊಂಡಿದ್ದ ತೇಗದ ಬಾಗಿಲನ್ನೇ ಕೊಯ್ದು ಹೊಟ್ಟೆ ಮಾಡಿಕೊಟ್ಟರು. ಕುತ್ತಿಗೆಯೂ ತೇಗವೇ. ಅದರ ಮೇಲೆ ಬೆರಳು ಓಡಾಡುವ ಹಲಗೆಗೆ ಗಟ್ಟಿ ಮರ ಬೇಕಿತ್ತು. ಹಿರೇಗುಂಟನೂರಿನ ರೈತರೊಬ್ಬರ ಹಳೆಯ ಎತ್ತಿನಗಾಡಿಯಲ್ಲಿದ್ದ ಕಮರದ ಮರದ ತುಂಡು ಸಿಕ್ಕಿತು. ಅದನ್ನು ಕೊಯ್ಯುವಾಗ ಚಾಚಾನ ಎರಡು ಬ್ಲೇಡು ಮುರಿದವು, ನನ್ನನ್ನೂ ನಿನ್ನನ್ನೂ ಸೇರಿಸಿಯೇ ಬೈದರು. ತಂತಿ, ತಂತಿ ಬಿಗಿಯುವ ಕಿವಿಗಳು ಮಾತ್ರ ಕೊರಿಯರಿನಲ್ಲಿ ಬಂದವು. ತಂತಿ ಕೂರುವ ಕುದುರೆಯನ್ನು ನಮ್ಮ ಗುಜರಿ ಪಂಪಿನ ಕಂಚಿನ ಬುಷ್ ಕತ್ತರಿಸಿ ನಾನೇ ಮಾಡಿದೆ.

ಈಗ ಮುಖ್ಯವಾದ ಕಥೆ ಕೇಳು. ಬೆರಳಿನ ಹಲಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳು ಇರುತ್ತವಲ್ಲ, ನೀನು ಫ್ರೆಟ್ ಅನ್ನುತ್ತಿದ್ದೆಯಲ್ಲ, ಅವುಗಳನ್ನು ಕೂರಿಸಲು ಸೀಳು ಕೊಯ್ಯಬೇಕು. ಲೆಕ್ಕ ಕಷ್ಟ. ಮೋಟಾರಿನ ಸ್ಟೇಟರಿನ ಇಪ್ಪತ್ತನಾಲ್ಕು ಸ್ಲಾಟಿಗೆ ಕಣ್ಣು ಮುಚ್ಚಿಕೊಂಡು ತಂತಿ ತುಂಬುವ ನನಗೇ ಈ ಇಪ್ಪತ್ತು ಸೀಳು ಬೆವರಿಳಿಸಿದವು. ಒಂದಕ್ಕಿಂತ ಒಂದು ಸ್ವಲ್ಪ ಹತ್ತಿರ ಬರುತ್ತಾ ಹೋಗಬೇಕು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸ್ವರ ಕೆಡುತ್ತೆ. ಮೂರು ದಿನ ಕೂತು, ವರ್ನಿಯರ್ ಹಿಡಿದು ಅಳೆದು ಗುರುತು ಮಾಡಿ, ಹ್ಯಾಕ್ಸಾ ಬ್ಲೇಡಿನಿಂದ ಇಪ್ಪತ್ತನ್ನೂ ಕೊಯ್ದೆ. ಕುತ್ತಿಗೆಯ ಹಿಂಭಾಗ ದುಂಡಗೆ ಮಾಡಿಡಿ ಎಂದು ಚಾಚಾಗೆ ಕೊಟ್ಟು, ಧರ್ಮಪುರದ ಒಂದು ಮೋಟಾರಿನ ಕೆಲಸಕ್ಕೆ ಎರಡು ದಿನ ಹೋದೆ. ಬಂದು ನೋಡಿದರೆ ಹಲಗೆ ಕನ್ನಡಿ ಹಾಗೆ ಹೊಳೆಯುತ್ತಿದೆ. ಒಂದು ಸೀಳೂ ಇಲ್ಲ. ಕಮರದ ಪುಡಿಗೆ ಅಂಟು ಕಲಸಿ, ಇಪ್ಪತ್ತನ್ನೂ ಮೆತ್ತಿ, ಉಜ್ಜಿ, ಪಾಲಿಶ್ ಹಾಕಿಬಿಟ್ಟಿದ್ದಾರೆ! ನಾನು ಬಾಯಿ ಬಿಡುವ ಮೊದಲೇ ಹತ್ತಿರ ಕರೆದು ಪಿಸುಗುಟ್ಟಿದರು: ‘ಮಂಗಳವ್ವ, ನಾನು ಯಾರಿಗೂ ಹೇಳಂಗಿಲ್ಲ. ಗರಗಸ ಹೊಸದಾಗಿ ಹಿಡಿದೋರಿಗೆ ಕೈ ಜಾರೋದು ಇದ್ದದ್ದೇ. ಇಪ್ಪತ್ತು ಕಡೆ ಜಾರೈತೆ, ಎಲ್ಲಾ ಮುಚ್ಚೀನಿ.’

ದುರ್ಗೇಶ, ನನ್ನ ಮರ್ಯಾದೆ ಉಳಿಸಲು ಆ ಮುದುಕ ಎರಡು ದಿನ ತಮ್ಮ ಬಾಗಿಲಿನ ಕೆಲಸ ಬಿಟ್ಟು ಕೂತಿದ್ದರು. ಅದು ಗೊತ್ತಿದ್ದೂ ನಾನು ಕೂಗಾಡಿದೆ. ನನ್ನ ಕೋಪ ನಿನಗೆ ಗೊತ್ತಲ್ಲ, ಮೊದಲು ಬಾಯಿ, ಆಮೇಲೆ ಬುದ್ಧಿ. ಚಾಚಾ ಮುಖ ಸಣ್ಣದು ಮಾಡಿಕೊಂಡು, ‘ಮತ್ತೆ ಕುಯ್ದು ಕೊಡ್ತೀನಿ ಬಿಡವ್ವ’ ಅಂದರು. ನಮ್ಮ ಅಂಗಡಿಗೆ ಬಂದು ಆ ನುಣುಪು ಹಲಗೆಯ ಮೇಲೆ ಸುಮ್ಮನೆ ಬೆರಳು ಓಡಿಸುತ್ತಾ ಕೂತಿದ್ದೆ. ಆಗ ನಿನ್ನ ಮಾತು ನೆನಪಾಯಿತು. ಐದಾರು ವರ್ಷದ ಹಿಂದೆ ನಮ್ಮ ಜಗಲಿಯಲ್ಲಿ ಅವ್ವ ರಾಗಿ ಬೀಸುವ ಪದ ಹಾಡುತ್ತಿದ್ದಳು, ನೀನು ಗಿಟಾರಿನಲ್ಲಿ ಅವಳ ದನಿಯ ಹಿಂದೆ ಹೋಗಲು ನೋಡಿ ನೋಡಿ ಸಾಕಾಗಿ ಇಟ್ಟುಬಿಟ್ಟೆ. ‘ಈ ಪಟ್ಟಿಗಳು ಅಡ್ಡ ಬರ್ತವೆ ಅಕ್ಕ, ಅವ್ವ ಹಾಡೋದು ಎರಡು ಪಟ್ಟಿ ನಡುವಿನ ಜಾಗದಲ್ಲಿ’ ಅಂದಿದ್ದೆ. ಮೊಬೈಲ್ ತೆಗೆದು ಹುಡುಕಿದೆ. ಪಟ್ಟಿಯೇ ಇಲ್ಲದ ಬೇಸ್ ಗಿಟಾರು ಪ್ರಪಂಚದಲ್ಲಿ ಇದೆಯಂತೆ! ದೊಡ್ಡ ದೊಡ್ಡವರೇ ನುಡಿಸುತ್ತಾರಂತೆ. ಗೌಸ್ ಪೀರ್ ಚಾಚಾ ತಮಗೆ ಗೊತ್ತಿಲ್ಲದೆ ಅದನ್ನೇ ಮಾಡಿಟ್ಟಿದ್ದರು. ಒಂದು ಕಿಲೋ ಜಿಲೇಬಿ ಕಟ್ಟಿಸಿಕೊಂಡು ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಬೆಳಕಿಗೆ ವಾರೆಯಾಗಿ ಹಿಡಿದರೆ ಇಪ್ಪತ್ತು ಗೆರೆ ಈಗಲೂ ಸಣ್ಣಗೆ ಕಾಣುತ್ತವೆ, ಬೆರಳಿಡಲು ಅವೇ ಗುರುತು. ಚಾಚಾಗೆ ಇದನ್ನು ಹೇಳಬೇಡ, ಕಾಣುವುದೇ ಇಲ್ಲ ಎಂದು ಅವರಿಗೆ ಬಹಳ ಹೆಮ್ಮೆ.

ತಂತಿಯ ಅದುರನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಕಾಯಿಲ್ ಮಾತ್ರ ಪೂರ್ತಿ ನನ್ನದು. ಅದರಲ್ಲಿ ಯಾರ ಪಾಲೂ ಇಲ್ಲ. ಮೋಟಾರಿಗೆ ಸುತ್ತುವ ತಂತಿ ಇದರ ಮುಂದೆ ಹಗ್ಗ. ಇದಕ್ಕೆ ಬೇಕಾದದ್ದು ಅವ್ವನ ನರೆಗೂದಲಿನಷ್ಟು ತೆಳು. ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಇಟ್ಟು ಸುತ್ತಲು ಕೂತೆ. ಮೂರು ಸಾವಿರ ಸುತ್ತು ಆದಾಗ ಒಮ್ಮೆ ತುಂಡಾಯಿತು. ಮತ್ತೆ ಶುರು ಮಾಡಿದೆ, ಐದು ಸಾವಿರ ಚಿಲ್ಲರೆಗೆ ತುಂಡಾಯಿತು. ಮೂರನೆಯ ಸಲ ಫ್ಯಾನು ಆರಿಸಿ, ಅಂಗಡಿಯ ಬಾಗಿಲು ಹಾಕಿ, ಉಸಿರು ಹಿಡಿದು ಸುತ್ತಿದೆ. ಎಂಟು ಸಾವಿರ! ಮೀಟರ್ ಇಟ್ಟು ನೋಡಿದರೆ ಲೈನ್ ಸರಿಯಾಗಿದೆ, ತಂತಿ ಎಲ್ಲೂ ತುಂಡಾಗಿಲ್ಲ. ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ನಿನ್ನ ಆಂಪ್ಲಿಫೈಯರ್ ಇಲ್ಲೇ ಇತ್ತು. ಎತ್ತಲು ಇಬ್ಬರು ಬೇಕು, ಅದಕ್ಕೇ ಅದೊಂದು ಉಳಿದಿತ್ತು. ಕೋಪ ಮಾಡ್ಕೋಬೇಡ, ತಮಾಷೆಗೆ ಅಂದೆ. ಹೋದ ಭಾನುವಾರ ಬೆಳಿಗ್ಗೆ ಅದನ್ನು ಜಗಲಿಗೆ ತರಿಸಿ ಸಿಕ್ಕಿಸಿದೆ. ಸ್ವಿಚ್ ಹಾಕಿದ್ದೇ ತಡ ಗುಂಯ್ ಎಂದು ಒಂದೇ ಸಮನೆ ಹೂಂಕಾರ. ನೋಡಲು ಬಂದು ಜಗಲಿಯಲ್ಲಿ ಕೂತಿದ್ದ ಗೌಸ್ ಪೀರ್ ಚಾಚಾ, ‘ಕೆಟ್ಟೋಯ್ತಾ?’ ಅಂತ ಎದ್ದು ನಿಂತರು. ನನಗೆ ನಗು ಬಂತು. ಅಪ್ಪನ ಕಾಲದಿಂದ, ಇಪ್ಪತ್ತು ವರ್ಷದಿಂದ ದಿನಾ ಕೇಳುವ ಸದ್ದು ಅದು, ಅರ್ತಿಂಗ್ ಕೊಟ್ಟಿರಲಿಲ್ಲ. ಕುದುರೆಯಿಂದ ಒಂದು ತಂತಿ ಎಳೆದು ಬೆಸುಗೆ ಹಾಕಿದೆ, ಸದ್ದು ಅಡಗಿತು. ಆಮೇಲೆ ದಪ್ಪ ತಂತಿಯನ್ನು ಮೀಟಿದೆ.

ಅವ್ವನ ವಿಷಯ ನಿನಗೆ ಗೊತ್ತು. ಆರ್ಕೆಸ್ಟ್ರಾಕ್ಕೆ ಹೋಗಿಯೇ ನೀನು ಹಾಳಾದೆ ಅನ್ನುವುದು ಅವಳ ತೀರ್ಮಾನ. ಈ ಕೆಲಸ ಶುರುವಾದ ದಿನದಿಂದ, ‘ಆ ಡಬ್ಬ ಹೊಸಿಲು ದಾಟಂಗಿಲ್ಲ’ ಎಂದು ನನ್ನ ಜೊತೆ ಮಾತೂ ಕಡಿಮೆ ಮಾಡಿದ್ದಳು. ನಾನು ತಂತಿ ಮೀಟಿದಾಗ ಅಡುಗೆಮನೆಯ ಮಾಡದಲ್ಲಿದ್ದ ಹಿತ್ತಾಳೆ ಚೊಂಬುಗಳು ಸಣ್ಣಗೆ ಅದುರಿದವು. ಅವ್ವ ಮುದ್ದೆ ಕಟ್ಟುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಬೈಗುಳಕ್ಕೆ ತಯಾರಾಗಿ ನಾನು ತಲೆ ತಗ್ಗಿಸಿಕೊಂಡೆ. ಅವಳು ಬಾಗಿಲಲ್ಲೇ ನಿಂತು, ‘ಇನ್ನೊಂದ್ಸಲ ಬಾರ್ಸು’ ಅಂದಳು. ಬಾರಿಸಿದೆ. ‘ಸ್ವಲ್ಪ ಕೆಳಕ್ಕೆ ಇಳಿಸು’ ಅಂದಳು. ಬೆರಳನ್ನು ಹಾಗೇ ಜಾರಿಸಿದೆ. ‘ಅಲ್ಲೇ! ಅಲ್ಲೇ ನಿಲ್ಸು’ ಅಂದವಳೇ ಹೊಸಿಲ ಮೇಲೆ ಕಾಲು ಚಾಚಿ ಕೂತು ಆ ಬೀಸುವ ಪದ ಎತ್ತಿಕೊಂಡಳು. ನೀನು ಹೋದ ಮೇಲೆ ಅವಳು ಹಾಡಿದ್ದು ಅದೇ ಮೊದಲು. ನನಗೆ ನುಡಿಸಲು ಎಲ್ಲಿ ಬರುತ್ತೆ? ಅವಳ ದನಿ ಹೋದ ಕಡೆ ಬೆರಳು ಜಾರಿಸಿಕೊಂಡು ಹೋದೆ, ಅಷ್ಟೇ. ಎರಡು ಗೆರೆಗಳ ನಡುವೆ, ನೀನು ಹೇಳಿದ್ದ ಆ ಜಾಗದಲ್ಲೇ, ಅವ್ವನ ದನಿಯೂ ತಂತಿಯೂ ಒಂದಾದವು. ಗೌಸ್ ಪೀರ್ ಚಾಚಾ ಕಣ್ಣೊರೆಸಿಕೊಂಡರು. ನಾನಂತೂ ಅತ್ತುಬಿಟ್ಟೆ ಕಣೋ, ಖುಷಿಗೆ. ಹಾಡು ಮುಗಿದ ಮೇಲೆ ಅವ್ವ ಗಿಟಾರನ್ನು ಒಮ್ಮೆ ನೋಡಿ, ‘ಆರ್ಕೆಸ್ಟ್ರಾಕ್ಕಲ್ಲ. ಬಂದು ನನ್ನ ಪದಕ್ಕೆ ನುಡಿಸ್ಲಿ. ಸೋಮವಾರದ ಭಜನೆಗೆ ಬರ್ಲಿ’ ಎಂದು ಅಪ್ಪಣೆ ಕೊಟ್ಟು ಒಳಗೆ ಹೋದಳು. ಮುದ್ದೆ ಗಂಟಾಗಿತ್ತು. ಮೂವರೂ ಹಾಗೇ ತಿಂದೆವು.

ಈಗ ಹೊಳಲ್ಕೆರೆ ಬಜಾರಿನಲ್ಲಿ ಗೌಸ್ ಪೀರ್ ಚಾಚಾನದೇ ಮಾತು. ಪಟ್ಟಿ ಬೇಡ ಎಂದು ಮೊದಲೇ ಹೇಳಿದ್ದು ತಾವೇ ಅಂತೆ, ಮಂಗಳಾಗೆ ತಡವಾಗಿ ಅರ್ಥವಾಯಿತಂತೆ. ಟೀ ಅಂಗಡಿಯಲ್ಲಿ ಅವರು ಇದನ್ನು ಹೇಳುವಾಗ ನಾನು ಪಕ್ಕದಲ್ಲೇ ಕೂತು ಹೌದು ಹೌದು ಎಂದು ತಲೆಯಾಡಿಸುತ್ತೇನೆ. ಅಕ್ಟೋಬರ್ ಹನ್ನೊಂದಕ್ಕೆ ನಿನ್ನ ತೊಂಬತ್ತು ದಿನ ಮುಗಿಯುತ್ತೆ. ಹಿರಿಯೂರಿಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿ ಉಣ್ಣು, ಹೇಳಿದ ಮಾತು ಕೇಳು, ಎಡಗೈ ಬೆರಳುಗಳನ್ನು ಆಡಿಸುತ್ತಿರು. ಅವ್ವ ತಲೆ ಸವರಿ ಹರಸಿದ್ದಾಳೆ, ಚಾಚಾ ಸಲಾಂ ಹೇಳಿದ್ದಾರೆ. ಮೇಡಂಗೆ ನನ್ನ ನಮಸ್ಕಾರ.

ನಿನ್ನ ಒಳಿತನ್ನೇ ಬಯಸುವ, ಬೈಯುವ ಹಕ್ಕೂ ಇರುವ
ನಿನ್ನ ಅಕ್ಕ
ಮಂಗಳಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮಂಗಳವಾರ ಈ ಗಿಟಾರನ್ನು ಚಿತ್ರದುರ್ಗದ ಅದೇ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಮಾರಲು ಅಲ್ಲ. ಮನೆಯಲ್ಲಿ ಮಾಡಿದ, ಪಟ್ಟಿ ಇಲ್ಲದ ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ಆ ಅಂಗಡಿಯವನ ಬಾಯಿಂದಲೇ ಕೇಳಿ ಬರೋಣ ಎಂದು. ಕೊಳ್ಳುವವರೇ ಇಲ್ಲದಿದ್ದರೆ ನೀನು ಮಾರುವುದೆಲ್ಲಿ ಬಂತು ಅಂದುಕೊಂಡಿದ್ದೆ. ಅವನು ತಂತಿ ಮೀಟಿದ, ಮತ್ತೆ ಮೀಟಿದ. ‘ಅಕ್ಕಾರೆ, ಈಗ್ಲೇ ಕೊಡ್ತೀರಾ? ಹಳೇದಕ್ಕಿಂತ ಜಾಸ್ತಿ ಕೊಡ್ತೀನಿ’ ಅಂದ. ನನ್ನ ಎದೆ ಉಬ್ಬಿತು, ಅದರ ಹಿಂದೆಯೇ ಅವನ ಕೈಯಿಂದ ಗಿಟಾರು ಕಿತ್ತುಕೊಂಡೆ. ಅಂದರೆ ಇದೂ ಮಾರಾಟವಾಗುತ್ತೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ನಿನ್ನನ್ನು ಹೀಗೆ ಬೆನ್ನ ಹಿಂದೆ ಪರೀಕ್ಷೆ ಮಾಡಲು ಹೋದದ್ದಕ್ಕೆ ನಾಚಿಕೆಯಾಯಿತು. ತಪ್ಪಾಯಿತು ದುರ್ಗೇಶ. ಗಿಟಾರನ್ನು ನಮ್ಮ ಅಂಗಡಿಯ ಗೋಡೆಯ ಅದೇ ಬಿಳಿ ಗುರುತಿಗೆ ಒರಗಿಸಿದ್ದೇನೆ, ಸರಿಯಾಗಿ ಕೂತಿದೆ. ಬೀಗದ ಕೈಯನ್ನು ಸೊಂಟದಿಂದ ತೆಗೆದು ಮೊದಲಿನ ಹಾಗೆ ಬಾಗಿಲ ಹಿಂದಿನ ಮೊಳೆಗೇ ಹಾಕಿದ್ದೇನೆ.