ಇನ್ನೊಂದು ಕೀಲಿಕೈ

ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಮೇಜು

ಪ್ರೀತಿಯ ಅಮ್ಮ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಅಂದುಕೊಳ್ಳಬೇಡ. ಈ ವಿಷಯವನ್ನು ನಗದೆ ಹೇಳಬೇಕು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅದು ನನ್ನಿಂದಾಗುವುದಿಲ್ಲ. ಇಂಗ್ಲಿಷ್ ಶಾಲೆಗೆ ಸೇರಿಸಿದವಳು ನೀನೇ ಆದ್ದರಿಂದ ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ಕಳುವಾಗಿದ್ದ ಪುಸ್ತಕದ ಗಾಡಿ ಸಿಕ್ಕಿದ ಸುದ್ದಿ ನಿಮ್ಮ ಬೀದಿಗೂ ಬಂದಿರಬೇಕು. ಅದನ್ನು ಓಡಿಸುವ ಗಾಡಿ ಮಾಮನ ಮುಖ ನೋಡಿದೆಯಾ? ಹೋದ ವಾರವೆಲ್ಲ ಜನ ಅವನನ್ನು ಕಂಡರೆ ಅಂಗಡಿಯ ಬೋರ್ಡು ಓದುತ್ತ ನಿಲ್ಲುತ್ತಿದ್ದರಂತೆ. ಬೀಗ ಒಡೆದಿಲ್ಲ, ಗಾಜು ಮುರಿದಿಲ್ಲ, ಕೀ ಡ್ರೈವರನ ಜೇಬಿನಲ್ಲೇ ಇದೆ. ಅಂದಮೇಲೆ ಮಕ್ಕಳ ಲೈಬ್ರರಿಯ ವ್ಯಾನನ್ನು ಅವನೇ ಮಾರಿಕೊಂಡಿರಬೇಕು ಎನ್ನುವುದು ಪೊಲೀಸರ ಅನುಮಾನ. ಅವನನ್ನು ಕೆಲಸದಿಂದ ತೆಗೆಯುವ ಆದೇಶ ಟೈಪಾಗಿ, ಸಹಿಗೆ ಕಾಯುತ್ತಿತ್ತು. ಆಗ ನಮ್ಮ ಸುಳಿವು ಸಹಾಯವಾಣಿಗೆ ಒಂದು ಕರೆ ಬಂತು.

ನಮ್ಮ ಕೆಲಸದ ಕ್ರಮ ನಿನಗೆ ಹಿಂದೆಯೇ ಹೇಳಿದ್ದೆ. ಕರೆ ಮಾಡಿದವರ ಹೆಸರು ಕೇಳುವಂತಿಲ್ಲ, ಅವರ ಫೋನ್ ನಂಬರು ನಮಗೆ ಕಾಣುವುದಿಲ್ಲ, ದನಿಯನ್ನಂತೂ ಯಂತ್ರ ಬದಲಿಸಿಬಿಡುತ್ತದೆ. ಯಾರೇ ಮಾತಾಡಿದರೂ ನಮ್ಮ ಕಿವಿಗೆ ಬಾವಿಯೊಳಗಿಂದ ಪೈಲ್ವಾನನೊಬ್ಬ ಮಾತಾಡಿದ ಹಾಗೆ. ನಮ್ಮ ದನಿ ಮಾತ್ರ ಅವರಿಗೆ ಇದ್ದ ಹಾಗೇ ಕೇಳುತ್ತದೆ. ನಾನು ಯಾವಾಗಲೂ ಮಧ್ಯಾಹ್ನದ ಪಾಳಿಯವಳು. ಅವತ್ತು ಪಕ್ಕದ ಮೇಜಿನವಳಿಗೆ ಹಲ್ಲುನೋವು ಅಂತ ಬೆಳಿಗ್ಗೆಯೇ ಹೋಗಿ ಕೂತಿದ್ದೆ. ನಿನಗೆ ಹೇಳಿರಲಿಲ್ಲ.

ನಮಸ್ಕಾರ, ನಿಮಗೆ ಗೊತ್ತಿರುವುದನ್ನು ಹೇಳಿ ಎಂದೆ. ಆ ಕಡೆಯಿಂದ ಪೈಲ್ವಾನರು, "ಬೆಳಿಗ್ಗೆ ಬೇರೆ ಯಾರೋ ಇರ್ತಾರಂತಲ್ಲ?" ಅಂದರು. ಇವತ್ತು ನಾನಿದ್ದೇನೆ ಎಂದೆ. ಇನ್ನೇನು ಫೋನ್ ಇಟ್ಟೇಬಿಡುತ್ತಾರೆ ಅನ್ನುವಷ್ಟರಲ್ಲಿ, "ಆಗಿದ್ದಾಗಲಿ, ಆ ಮನುಷ್ಯನ ಕೆಲಸ ಹೋಗಬಾರ್ದು" ಎಂದು ಶುರುಮಾಡಿದರು.

ಮುಚ್ಚಿಹೋದ ಎಣ್ಣೆ ಮಿಲ್ಲಿನ ಹಿಂದಿನ ಅಂಗಳದಲ್ಲಿ, ಹಸಿರು ಟಾರ್ಪಾಲಿನ ಕೆಳಗೆ ಗಾಡಿ ನಿಂತಿದೆಯಂತೆ. ಮುಚ್ಚಿದ್ದರೆ ಅದು ಪುಸ್ತಕದ ಗಾಡಿಯೇ ಅಂತ ಹೇಗೆ ಗೊತ್ತಾಯಿತು ಎಂದು ಕೇಳುವುದು ನನ್ನ ಕೆಲಸ, ಕೇಳಿದೆ. "ತಗುಲಿತು" ಅಂದರು. ಏನು ತಗುಲಿತು? "ಮುಂದಿನ ಚಕ್ರ. ಎಡಕ್ಕೆ ತಿರುಗ್ಸೋದು ಇನ್ನೂ ಕೈಗೆ ಕೂತಿಲ್ಲ. ಹೋಗಿ ಗುದ್ದಿದೆ, ಟಾರ್ಪಾಲು ಜಾರ್ತು, ಕನ್ನಡಕ ಹಾಕ್ಕೊಂಡಿರೋ ಆನೆ ಚಿತ್ರ ಕಾಣ್ತು." ಯಾವ ವಾಹನದ ಚಕ್ರ ಎಂದೆ. "ಅದನ್ನೂ ಬರ್ಕೋಬೇಕಾ?" ಬೇಕಾಗಿಲ್ಲ ಎಂದೆ. "ಹಂಗಾದ್ರೆ ನಡ್ಕೊಂಡು ಹೋಗಿದ್ದೆ ಅಂತ್ಲೇ ಬರ್ಕೊ" ಎಂದು ಏಕವಚನದಲ್ಲಿ ಅಪ್ಪಣೆಯಾಯಿತು.

ನೇರವಾಗಿ ಠಾಣೆಗೆ ಹೋಗಬಹುದಿತ್ತಲ್ಲ, ಪೊಲೀಸರ ಭಯವೇ ಎಂದು ಕೇಳಿದೆ. ಇದು ನಮ್ಮ ಪ್ರಶ್ನೆಗಳಲ್ಲಿ ಇಲ್ಲ. ಯಾಕೆ ಕೇಳಿದೆನೋ, ಈಗಲೂ ಯೋಚಿಸುತ್ತಿದ್ದೇನೆ.

"ಪೊಲೀಸರಿಗೆ ಯಾಕೆ ಹೆದರ್ಲಿ? ನನಗಿರೋ ಹೆದರಿಕೆಯೆಲ್ಲ ಮಗಳದ್ದು. ಮಂಡಿ ಆಪರೇಷನ್ ಆದ್ಮೇಲೆ ಮನೆಯ ಗಾಡಿ ಕೀ ಕಿತ್ಕೊಂಡು ಹೋಗಿ ಅವಳ ಬೀರುವಿನಲ್ಲಿ ಇಟ್ಕೊಂಡಿದ್ದಾಳೆ. ಮಂಡಿ ನಂದು, ಕಾವಲು ಅವಳದ್ದು."

ಪೆನ್ನು ಕಚ್ಚಿಕೊಂಡು ಕೂತೆ. ಆ ಮಗಳಿಗೂ ಒಂದು ಭಯ ಇರಬಹುದಲ್ಲ ಎಂದೆ. "ಇರ್ಬಹುದು. ಅವಳ ಭಯಕ್ಕೆ ನಾನು ಮನೇಲಿ ಕೂತಿರ್ಬೇಕಾ?" ಅಂದರು. ಅದನ್ನು ಬರೆದುಕೊಳ್ಳುವುದಕ್ಕೆ ಫಾರ್ಮಿನಲ್ಲಿ ಜಾಗವಿರಲಿಲ್ಲ. ಕರೆಯ ಗುರುತಿಗೆ ಒಂದು ನಂಬರು ಕೊಟ್ಟು, ವಿಚಾರಿಸಬೇಕೆನಿಸಿದರೆ ಇದನ್ನೇ ಹೇಳಿ ಎಂದೆ.

ಮುಂದಿನದು ಎಲ್ಲರಿಗೂ ಗೊತ್ತಿದೆ. ಮಧ್ಯಾಹ್ನದೊಳಗೆ ಗಾಡಿ ಸಿಕ್ಕಿತು, ಸಂಜೆಯೊಳಗೆ ವರ್ಕ್‌ಶಾಪಿನ ಮೆಕ್ಯಾನಿಕ್ ಸಿಕ್ಕಿದ. ಸರ್ವೀಸಿಗೆ ಬಿಟ್ಟಾಗ ಇನ್ನೊಂದು ಕೀ ಮಾಡಿಸಿಕೊಂಡಿದ್ದನಂತೆ. ಗಾಡಿ ಮಾಮ ಮಾರನೆಯ ದಿನವೇ ಹಾರ್ನ್ ಹೊಡೆಯುತ್ತ ಶಾಲೆಯ ಮುಂದೆ ನಿಂತಾಗ, ಮಕ್ಕಳು ಪುಸ್ತಕ ಬಿಟ್ಟು ಅವನ ಕಾಲಿಗೇ ಜೋತುಬಿದ್ದವಂತೆ.

ಕರೆ ಬಂದ ದಿನ ರಾತ್ರಿ ಮನೆಗೆ ಬಂದವಳೇ ನನ್ನ ಬೀರು ತೆರೆದೆ. ಅಪ್ಪನ ಸ್ಕೂಟರಿನ ಕೀ ಸೀರೆಗಳ ಕೆಳಗೆ, ಇಟ್ಟಲ್ಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ಒಬ್ಬಳೇ ನಕ್ಕೆ ನೋಡು, ನಿನ್ನ ಅಳಿಯ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಒಂದು ಕೀ ಒಬ್ಬರ ಹತ್ತಿರ ಭದ್ರವಾಗಿದ್ದರೆ ಇನ್ನೊಂದನ್ನು ಹುಡುಕಬೇಕು ಅನ್ನುವುದು ಪೊಲೀಸರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಪೈಲ್ವಾನರು ನಂಬರು ಹೇಳಿ ಮತ್ತೆ ಕರೆ ಮಾಡಿದ್ದರು, ಈ ಸಲ ನನ್ನ ಪಾಳಿಯಲ್ಲೇ. ಡ್ರೈವರ್ ಕೆಲಸಕ್ಕೆ ವಾಪಸ್ಸು ಬಂದಿದ್ದಾರೆ ಎಂದೆ. ಮೂಗು ಸೀಟಿದ ಸದ್ದು ಯಂತ್ರದಲ್ಲಿ ಲಾರಿ ಸ್ಟಾರ್ಟ್ ಆದ ಹಾಗೆ ಕೇಳಿಸಿತು. ಇಡುವ ಮೊದಲು, "ಗಂಟಲು ಕಟ್ಟಿದೆ ನಿಂಗೆ, ತಣ್ಣೀರು ಕುಡೀಬೇಡ" ಅಂದರು. ಬಿಸಿನೀರೇ ಕುಡಿಯುತ್ತಿದ್ದೇನೆ.

ಆ ಮಗಳ ಬಗ್ಗೆ ಯೋಚಿಸುತ್ತಿರುತ್ತೇನೆ. ಅಮ್ಮ ಬೀಳಬಾರದು ಅಂತ ಕೀ ತೆಗೆದುಕೊಂಡಳೋ, ತನ್ನ ನೆಮ್ಮದಿಗೆ ತೆಗೆದುಕೊಂಡಳೋ? ಎರಡೂ ಇರಬಹುದು. ಆದರೆ ಈಗ ಅವಳ ಕಿವಿಯಲ್ಲಿ ಒಂದು ಹಳೆಯ ಸ್ಕೂಟರು ಖಾಲಿ ಅಂಗಳದಲ್ಲಿ ಸುತ್ತು ಹಾಕುತ್ತಿರುತ್ತದೆ. ಅದು ಅವಳಿಗೆ ಇಷ್ಟವಾಗತೊಡಗಿದೆ ಅಂತ ನನಗೆ ಚೆನ್ನಾಗಿ ಗೊತ್ತು.

ನಿನ್ನ ಕಾವಲುಗಾರ್ತಿ,
ಮಗಳು

ತಾ.ಕ.: ಜೊತೆಗಿರುವ ಪೆಟ್ಟಿಗೆಯಲ್ಲಿ ಹೆಲ್ಮೆಟ್ ಇದೆ. ಯಾರಿಗೆ ಅಂತ ಕೇಳಬೇಡ, ನಮ್ಮಲ್ಲಿ ಕೇಳುವಂತಿಲ್ಲ. ಎಡಕ್ಕೆ ತಿರುಗಬೇಕಾದರೆ ಮೊದಲೇ ವೇಗ ಇಳಿಸಬೇಕು. ಮಿಲ್ಲಿನ ಗೇಟಿಗೆ ಪೊಲೀಸರು ಬೀಗ ಹಾಕಿದ್ದಾರೆ, ಮುಂದಿನ ಭಾನುವಾರ ಶಾಲೆಯ ಮೈದಾನ ಖಾಲಿ ಇರುತ್ತದೆ. ನಾನು ಹಿಂದೆ ಕೂರುತ್ತೇನೆ. ಬೀರುವಿನಲ್ಲಿರುವ ಕೀ ಅಲ್ಲೇ ಇರಲಿ, ನಿನ್ನದು ಕಳೆದರೆ ಬೇಕಾಗುತ್ತದೆ. ಇನ್ನೊಂದು ಮಾತು: ಕರೆಯ ವಿಷಯ ಮೂರನೆಯವರ ಕಿವಿಗೆ ಬೀಳಬಾರದು ಅನ್ನುವುದು ನಮ್ಮಲ್ಲಿ ಬಹಳ ಕಟ್ಟುನಿಟ್ಟು. ಬಿದ್ದಿಲ್ಲ.